ಜಾಲರಿಯ ಮೇಲೆ ಬಿಸಿಲು ಬಿದ್ದಿದ್ದರೆ

ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಹೋಗಿಬಂದವರು ನನಗೆ ಕಳಿಸುವ ಫೋಟೊಗಳಲ್ಲಿ ಪ್ರಾಣಿಗಿಂತ ತಂತಿಯೇ ಚೆನ್ನಾಗಿ ಬಂದಿರುತ್ತದೆ. ಜೊತೆಗೊಂದು ಪ್ರಶ್ನೆ: ‘ಸರ್, ಈ ಜಾಲರಿ ಕಾಣದ ಹಾಗೆ ಮಾಡೋಕೆ ಯಾವ ಲೆನ್ಸ್ ತಗೊಳ್ಳಲಿ?’ ಫೋಟೊಗ್ರಫಿ ಕಲಿಸುವ ನನಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ದುಡ್ಡು ಖರ್ಚು ಮಾಡಲು ತಯಾರಿರುವವರು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಲು ಯಾಕೆ ಒಲ್ಲೆ ಅನ್ನುತ್ತಾರೋ!

ಜಾಲರಿ ನಿಮಗೆ ಹತ್ತಿರವಿರಬೇಕು, ಪ್ರಾಣಿ ಜಾಲರಿಯಿಂದ ದೂರವಿರಬೇಕು, ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ, ಪೂರ್ತಿ ತೆರೆದಿರಬೇಕು. ಈ ಕೊನೆಯದನ್ನು ಎಷ್ಟು ಸಲ ಹೇಳಿದರೂ ‘ಎಲ್ಲಾ ಶಾರ್ಪ್ ಬರಲಿ’ ಅಂತ ಎಫ್ 11ಕ್ಕೆ ಇಟ್ಟುಕೊಂಡು ಬರುತ್ತಾರೆ; ಎಫ್ ಅಂಕಿ ಏರಿದಷ್ಟೂ ಕಿಂಡಿ ಕಿರಿದಾಗುತ್ತದೆ. ಲೆಕ್ಕ ಹಾಕಿ ನೋಡಿ. 200 ಮಿ.ಮೀ. ಲೆನ್ಸನ್ನು ಎಫ್ 4ರಲ್ಲಿಟ್ಟರೆ ಆ ಕಿಂಡಿ 50 ಮಿ.ಮೀ. ಅಗಲ. 3 ಮಿ.ಮೀ. ತಂತಿ ಅದನ್ನೇನು ಮುಚ್ಚೀತು? ಎರಡೂ ಪಕ್ಕದಿಂದ ಬೆಳಕು ನುಸುಳಿ ಬರುತ್ತದೆ. ಎಫ್ 11ಕ್ಕೆ ಇಟ್ಟಿರೋ, ಕಿಂಡಿ 18 ಮಿ.ಮೀ.ಗೆ ಇಳಿಯಿತು, ಕಡವೆಯ ಮುಖದ ಮೇಲೆ ಪಟ್ಟೆ ಎದ್ದಿತು. ಮೊಬೈಲಿನ ಕಿಂಡಿಯಂತೂ ಸುಮಾರು 4 ಮಿ.ಮೀ.; ಒಂದೇ ತಂತಿ ಸಾಕು ಅದನ್ನು ಬಹುಪಾಲು ಮುಚ್ಚಲು. ಆದರೆ ಅಷ್ಟು ಪುಟ್ಟ ಲೆನ್ಸ್ ಜಾಲರಿಯ ಒಂದು ಕಣ್ಣಿನೊಳಗೇ ಕೂರುತ್ತದೆ.

ಸಫಾರಿ ಬಸ್ಸಿನ ಕಿಟಕಿಯ ಜಾಲರಿಯನ್ನು ಎಲ್ಲರೂ ಬೈಯುತ್ತಾರೆ. ನನ್ನ ಪ್ರಕಾರ ಅದೇ ಅತಿ ಸುಲಭದ್ದು, ಲೆನ್ಸಿನ ಮೂಗಿಗೇ ಅಂಟಿಕೊಂಡಿರುತ್ತದಲ್ಲ. ಕ್ಯಾಮೆರಾವನ್ನು ಕಿಟಕಿಯ ಚೌಕಟ್ಟಿಗೆ ಮಾತ್ರ ಒರಗಿಸಬೇಡಿ, ಎಂಜಿನ್ನಿನ ನಡುಕವೆಲ್ಲ ಫೋಟೊಕ್ಕೆ ಬರುತ್ತದೆ.

ಇಷ್ಟೆಲ್ಲ ಸರಿಮಾಡಿಕೊಂಡರೂ ಜಾಲರಿಯ ಮೇಲೆ ಬಿಸಿಲು ಬಿದ್ದಿದ್ದರೆ ಅರ್ಧ ಕೆಲಸ ಕೆಟ್ಟಂತೆ. ಮಸುಕಾದ ತಂತಿಯೂ ಹೊಳೆದು ಇಡೀ ಚಿತ್ರಕ್ಕೆ ಬಿಳಿ ಮಂಜು ಕವಿಸುತ್ತದೆ. ನನ್ನ ಜೊತೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಚಿರತೆಯ ಮುಂದೆ ಒದ್ದಾಡುತ್ತ ತಮ್ಮ ದುಬಾರಿ ಲೆನ್ಸಿಗೆ ಬೈಯುತ್ತಿದ್ದರು. ಬಿಸಿಲು ತಾಳಲಾರದೆ ಅವರ ಮನೆಯವರು ಪಕ್ಕಕ್ಕೆ ಬಂದು ಕೊಡೆ ಬಿಚ್ಚಿದರು. ನೆರಳು ಹೋಗಿ ಜಾಲರಿಯ ಮೇಲೆ ಬಿತ್ತು. ಮೇಷ್ಟ್ರು ವ್ಯೂಫೈಂಡರಿನಿಂದ ಕಣ್ಣು ಕೀಳದೆಯೇ, ‘ಏ, ಅಲ್ಲೇ ನಿಂತ್ಕೊಳೇ, ಅಲ್ಲಾಡ್ಬೇಡ’ ಅಂದರು. ‘ಸಂಜೆವರೆಗೂ ನಿಲ್ಲಿಸ್ತೀರೇನ್ರೀ?’ ಅಂತ ಗೊಣಗುತ್ತಲೇ ಆಕೆ ನಿಂತರು. ಚಿರತೆಯ ಮೀಸೆ ಎಣಿಸುವ ಹಾಗೆ ಬಂತು. ಹಾಗಂತ ಜಿಂಕೆಗಳೆದುರು ಫಟ್ಟನೆ ಕೊಡೆ ಬಿಚ್ಚೀರಿ, ಬೆದರಿ ಓಡುತ್ತವೆ. ಮೊದಲೇ ಬಿಚ್ಚಿಕೊಂಡು ನಿಧಾನ ಹೋಗಿ.

ಜೀಬ್ರಾ ಮುಂದೆ ನೂಕುನುಗ್ಗಲು, ನಮ್ಮದೇ ಕಾಡಿನ ಕರಡಿಯ ಮುಂದೆ ‘ಬೂದು ಮುದ್ದೆ ಥರ ಬರುತ್ತೆ’ ಎಂಬ ದೂರು. ಕ್ಯಾಮೆರಾ ಕಪ್ಪು ಕಂಡರೆ ಬೆಳಕು ಸಾಲದು ಅಂದುಕೊಂಡು ಹೆಚ್ಚಿಸುತ್ತದೆ. ಕೂದಲು ಬೂದು, ಮೂತಿ ಬೆಳ್ಳಗೆ ಸುಟ್ಟಂತೆ. ಎಕ್ಸ್‌ಪೋಶರ್ ಒಂದು ಸ್ಟಾಪಿನಷ್ಟು, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿ ನೋಡಿ, ಬಹುಮಟ್ಟಿಗೆ ಸರಿಹೋಗುತ್ತದೆ. ಎದೆಯ ಮೇಲಿನ ಬಿಳಿ ಗುರುತೂ ಉಳಿಯುತ್ತದೆ. ಕಪ್ಪು ಮೈಯ ಎದುರು ಹೊಳೆಯುವ ತಂತಿ ಇನ್ನೂ ಎದ್ದು ಕಾಣುವುದರಿಂದ ನೆರಳಿನ ಮಾತು ಇಲ್ಲಿ ದುಪ್ಪಟ್ಟು ಅನ್ವಯ.

ಜಾಲರಿಗೆ ಹತ್ತಿರ ಅಂದೆನೆಂದು ಮುಂದಿನ ಕಟಕಟೆಯ ಮೇಲೆ ಬಗ್ಗುವವರಿದ್ದಾರೆ. ಅದು ಕೂಡದು. ಕಟಕಟೆ ದೂರವಿದ್ದ ಕಡೆ ತಂತಿ ಬರುತ್ತದೆ, ಬರಲಿ ಬಿಡಿ. ಫ್ಲ್ಯಾಶ್ ಹಾಕಿದರೆ ಮೊದಲು ಬೆಳಗುವುದೂ ಆ ತಂತಿಯೇ. ಮಂಗಳವಾರ ಹೊರಟುಬಿಡಬೇಡಿ, ಸಾಮಾನ್ಯವಾಗಿ ಅವತ್ತು ಉದ್ಯಾನಕ್ಕೆ ರಜೆ.