ಕಂಟೇನರ್ ಕೊಡುವುದು ಯಾರ ಕೈಗೆ?

ಬೆಂಗಳೂರಿನಿಂದ ಚೆನ್ನೈ ಕಡೆಗೆ ರೈಲಿನಲ್ಲಿ ಹೊರಟರೆ ವೈಟ್‌ಫೀಲ್ಡ್ ಹತ್ತಿರ ಹಳಿಯ ಪಕ್ಕದಲ್ಲೇ ಬಣ್ಣಬಣ್ಣದ ಕಬ್ಬಿಣದ ಪೆಟ್ಟಿಗೆಗಳ ರಾಶಿ ಕಾಣುತ್ತದೆ. ಅದು ಯಾವುದೋ ಗೋದಾಮು ಅಂದುಕೊಳ್ಳುವವರೇ ಜಾಸ್ತಿ. ನಮ್ಮ ಕಸ್ಟಮ್ಸ್ ಕಾಯ್ದೆಯ ಪ್ರಕಾರ ಮಾತ್ರ ಅದೂ ಒಂದು ಬಂದರೇ. ಸಮುದ್ರ ಇಲ್ಲಿಂದ ಸುಮಾರು 350 ಕಿಲೋಮೀಟರ್ ದೂರ, ಆದರೆ ಸುಂಕದ ಅಧಿಕಾರಿಗಳು ಕೂರುವುದು ಇಲ್ಲಿ. ಹೆಸರು ಇನ್‌ಲ್ಯಾಂಡ್ ಕಂಟೇನರ್ ಡಿಪೊ, ಬಾಯಿಮಾತಲ್ಲಿ ಐಸಿಡಿ. ದೇಶದ ಮೊಟ್ಟಮೊದಲ ಐಸಿಡಿ ಶುರುವಾದದ್ದೂ ಬೆಂಗಳೂರಿನಲ್ಲೇ, 1981ರಲ್ಲಿ.

ಪೀಣ್ಯದ ಒಂದು ಕಾರ್ಖಾನೆ ಜರ್ಮನಿಯಿಂದ ಯಂತ್ರ ತರಿಸಿತು ಅನ್ನಿ. ಅದು ಹಡಗಿನಲ್ಲಿ ಚೆನ್ನೈಗೆ ಬರುತ್ತದೆ. ಅಲ್ಲಿ ಬಾಗಿಲು ತೆರೆಯದೆ ಹಾಗೇ ರೈಲು ಹತ್ತುತ್ತದೆ. ಸುಂಕ, ತಪಾಸಣೆ ಎಲ್ಲ ವೈಟ್‌ಫೀಲ್ಡ್‌ನಲ್ಲಿ ಮುಗಿಸಿಕೊಂಡು ಪೀಣ್ಯಕ್ಕೆ ಹೋಗುತ್ತದೆ. ಕಾರ್ಖಾನೆಯವರಿಗೆ ಬೇಕಾದದ್ದು ಒಂದೇ ಉತ್ತರ: ನಮ್ಮ ಮಾಲು ಎಲ್ಲಿಗೆ ಬಂತು? ಈಗ ಅದು ಮೊಬೈಲಿನಲ್ಲೇ ಸಿಗುತ್ತದೆ. ಬಂದರಿನವರ ತಲೆನೋವು ಬೇರೆ. ಗೇಟಿನ ಮುಂದೆ ಒಂದು ಲಾರಿ ಬಂದು ನಿಂತಿದೆ, ‘ಆ ಕಂಟೇನರ್ ನಂದು, ಕೊಡಿ’ ಅನ್ನುತ್ತಿದೆ. ಕೊಡಬೇಕಾ, ಬೇಡವಾ?

ಹುಡುಕುವುದು ಮತ್ತು ಬಿಟ್ಟುಕೊಡುವುದು, ಈ ಎರಡೂ ಒಂದೇ ವೆಬ್‌ಸೈಟಿನಲ್ಲಿ ಅಕ್ಕಪಕ್ಕದ ಗುಂಡಿಗಳಾಗಿ ಕಾಣುತ್ತವೆ. ಆದರೆ ಒಳಗೆ ಇವೆರಡರ ಸ್ವಭಾವ ಪೂರ್ತಿ ಬೇರೆ. ಮೊದಲನೆಯದನ್ನು ಎಲ್ಲರಿಗೂ ತೆರೆದಿಟ್ಟರೂ ನಷ್ಟವಿಲ್ಲ. ಎರಡನೆಯದರಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೂ ಕೋಟಿಗಟ್ಟಲೆ ಮಾಲು ಮಾಯ.

ಮೊದಲು ಹುಡುಕುವ ಕಥೆ. ಪ್ರತಿ ಕಂಟೇನರಿನ ಮೇಲೂ ದೊಡ್ಡದಾಗಿ ಒಂದು ಸಂಖ್ಯೆ ಬರೆದಿರುತ್ತದೆ. ನಾಲ್ಕು ಇಂಗ್ಲಿಷ್ ಅಕ್ಷರ, ಆರು ಅಂಕಿ, ಆಮೇಲೆ ಚೌಕದೊಳಗೆ ಇನ್ನೊಂದು ಅಂಕಿ. ಮೊದಲ ಮೂರು ಅಕ್ಷರ ಮಾಲೀಕ ಕಂಪನಿಯದು. ನಾಲ್ಕನೆಯದು ಸಾಮಾನ್ಯವಾಗಿ ‘ಯು’, ಅಂದರೆ ಸರಕಿನ ಕಂಟೇನರ್. ಮಜಾ ಇರುವುದು ಚೌಕದೊಳಗಿನ ಆ ಕೊನೆಯ ಅಂಕಿಯಲ್ಲಿ. ಅದನ್ನು ಯಾರೂ ಮನಸ್ಸಿಗೆ ಬಂದ ಹಾಗೆ ಹಾಕಿದ್ದಲ್ಲ, ಹಿಂದಿನ ಹತ್ತರಿಂದ ಲೆಕ್ಕ ಹಾಕಿ ತೆಗೆದದ್ದು.

ಲೆಕ್ಕ ಹೀಗೆ. ‘ಎ’ಗೆ 10, ‘ಬಿ’ಗೆ 12, ‘ಸಿ’ಗೆ 13 ಎಂದು ಅಕ್ಷರಗಳಿಗೆ ಬೆಲೆ ಕೊಡುತ್ತಾರೆ. 11, 22, 33 ಇವನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಮೊದಲ ಸ್ಥಾನವನ್ನು 1ರಿಂದ, ಎರಡನೆಯದನ್ನು 2ರಿಂದ, ಮುಂದಿನದನ್ನು 4ರಿಂದ, ಹೀಗೆ ದುಪ್ಪಟ್ಟು ಮಾಡುತ್ತಾ 512ರ ತನಕ ಗುಣಿಸಿ ಎಲ್ಲ ಕೂಡಿಸುತ್ತಾರೆ. ಮೊತ್ತವನ್ನು 11ರಿಂದ ಭಾಗಿಸಿ ಉಳಿದ ಶೇಷವೇ ಆ ಅಂಕಿ. ‘ಸಿಎಸ್‌ಕ್ಯೂಯು 305438’ ಎಂಬ ಸಂಖ್ಯೆಗೆ ಮೊತ್ತ 6185. 11ರಿಂದ ಭಾಗಿಸಿದರೆ ಶೇಷ 3. ಹಾಗಾಗಿ ಚೌಕದಲ್ಲಿ 3. ಶೇಷ 10 ಬಂದರೆ ಒಂದು ಅಂಕಿಯಲ್ಲಿ ಬರೆಯಲಾಗದು, ಸೊನ್ನೆ ಹಾಕುತ್ತಾರೆ. ಅಂಥ ಸಂಖ್ಯೆಗಳನ್ನು ಬಳಸದಿರುವುದೇ ಒಳ್ಳೆಯದು ಅಂತ ನಿಯಮವೇ ಹೇಳುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಮಳೆಯಲ್ಲಿ ನಿಂತು ಸಂಖ್ಯೆ ಬರೆದುಕೊಳ್ಳುವವನು 3ರ ಬದಲು 8 ಬರೆಯಬಹುದು, ಅಥವಾ ಪಕ್ಕಪಕ್ಕದ ಎರಡು ಅಂಕಿ ಅದಲುಬದಲು ಮಾಡಬಹುದು. 11 ಅವಿಭಾಜ್ಯ ಸಂಖ್ಯೆ. ಆದ್ದರಿಂದ ಇಂಥ ತಪ್ಪಾದಾಗ ಶೇಷ ಬದಲಾಗಿಯೇ ತೀರುತ್ತದೆ, ಕಂಪ್ಯೂಟರ್ ಹೆಚ್ಚಾಗಿ ಅಲ್ಲೇ ತಡೆಯುತ್ತದೆ. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೇ ಅಂಕಿಯೂ ಇದೇ ಕೆಲಸದ್ದು, ಅದರ ಸೂತ್ರ ಮಾತ್ರ ಬೇರೆ. ಒಂದು ವಿಷಯ ಗಮನಿಸಿ: ಇದು ಕಣ್ತಪ್ಪನ್ನು ಹಿಡಿಯುತ್ತದೆ, ಕಳ್ಳನನ್ನಲ್ಲ. ಸೂತ್ರ ಎಲ್ಲರಿಗೂ ಗೊತ್ತು.

ಇನ್ನು ಪರದೆಯ ಮೇಲೆ ಸಮುದ್ರ ದಾಟುತ್ತಾ ಬರುವ ಚುಕ್ಕೆ. ಅದು ಹಡಗಿನದು. ಕಂಟೇನರಿಗೂ ಆ ಚುಕ್ಕೆಗೂ ನೇರ ಸಂಬಂಧವೇ ಇಲ್ಲ. ಅಂತರರಾಷ್ಟ್ರೀಯ ಯಾನದ 300 ಗ್ರಾಸ್ ಟನ್ನೇಜ್ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಲ್ಲಿ ಎಐಎಸ್ ಎಂಬ ರೇಡಿಯೊ ಉಪಕರಣ ಕಡ್ಡಾಯ. ಓಡುವಾಗ 2ರಿಂದ 10 ಸೆಕೆಂಡಿಗೊಮ್ಮೆ ಅದು ‘ನಾನು ಇಂಥವನು, ಇಲ್ಲಿದ್ದೇನೆ, ಇಷ್ಟು ವೇಗ’ ಎಂದು ಸಾರುತ್ತಿರುತ್ತದೆ. ಒಂದೇ ತರಂಗದಲ್ಲಿ ನೂರಾರು ಹಡಗು ಮಾತಾಡಿದರೆ ಗದ್ದಲ ಆಗಬೇಕಲ್ವಾ? ಅದಕ್ಕೆ ಒಂದು ನಿಮಿಷವನ್ನು 2250 ತುಂಡು ಮಾಡಿದ್ದಾರೆ. ಪ್ರತಿ ಹಡಗೂ ತಾನು ಮುಂದೆ ಯಾವ ತುಂಡಿನಲ್ಲಿ ಮಾತಾಡುತ್ತೇನೆ ಅಂತ ಮೊದಲೇ ಹೇಳಿಬಿಡುತ್ತದೆ. ಮೇಲೆ ಕೂತು ಪಾಳಿ ಹಂಚುವವರು ಯಾರೂ ಬೇಕಿಲ್ಲ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ಚೆಂದ ಕಾಣುವುದು ಇದೇ.

ಪೆಟ್ಟಿಗೆ ಮಾತ್ರ ಮೂಕ. ಹಡಗಿಗೆ ಏರಿಸಿದಾಗ, ಇಳಿಸಿದಾಗ, ಗೇಟ್ ದಾಟಿದಾಗ ಯಾರೋ ಅಥವಾ ಯಾವುದೋ ಯಂತ್ರ ದಾಖಲೆ ಮಾಡುತ್ತದೆ. ಆ ದಾಖಲೆಗಳನ್ನು ಜೋಡಿಸಿದ್ದೇ ನಾವು ನೋಡುವ ‘ಟ್ರ್ಯಾಕಿಂಗ್’. ಹಾಗಾಗಿಯೇ ಚೆನ್ನೈಯಲ್ಲಿ ಇಳಿಯಿತು ಅಂತ ತೋರಿಸಿ ಮೂರು ದಿನ ಪರದೆ ಸುಮ್ನೆ ಕೂರುತ್ತದೆ. ಮಾಲು ಕಳೆದಿಲ್ಲ, ಮುಂದಿನ ದಾಖಲೆ ಬಂದಿಲ್ಲ, ಅಷ್ಟೇ. ಈ ಸಂದನ್ನು ಕಡಿಮೆ ಮಾಡಲು ನಮ್ಮಲ್ಲಿ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಎಂಬ ಸೇವೆ ಇದೆ. 2016ರಲ್ಲಿ ಮುಂಬೈ ಬಳಿಯ ನ್ಹಾವಾ ಶೇವಾದಲ್ಲಿ ಶುರುವಾಯಿತು. ಆಮದು ಕಂಟೇನರಿಗೆ ಬಂದರಿನಲ್ಲೇ ಒಂದು ಆರ್‌ಎಫ್‌ಐಡಿ ಚೀಟಿ ಕಟ್ಟುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ. ದಾರಿಯ ಗೇಟು, ಟೋಲ್‌ಗಳಲ್ಲಿರುವ ಯಂತ್ರ ಬಿಡುವ ರೇಡಿಯೊ ಅಲೆಯಿಂದಲೇ ಚೂರು ಶಕ್ತಿ ಹೀರಿ, ಅದೇ ಅಲೆಯನ್ನು ತನ್ನ ಸಂಖ್ಯೆ ಸೇರಿಸಿ ವಾಪಸ್ ಕಳಿಸುತ್ತದೆ. ನಿಮ್ಮ ಕಾರಿನ ಗಾಜಿನ ಮೇಲಿನ ಫಾಸ್ಟ್ಯಾಗ್ ಕೂಡ ಇದೇ ಜಾತಿ. ಕಂಟೇನರ್ ಸಂಖ್ಯೆ ಗೊತ್ತಿದ್ದರೆ ಯಾರು ಬೇಕಾದರೂ ಅಲ್ಲಿ ನೋಡಬಹುದು.

ಈಗ ಗೇಟಿಗೆ ಬರೋಣ. ಕಂಟೇನರ್ ಹೊರಗೆ ಹೋಗಬೇಕಾದರೆ ಬೇರೆಬೇರೆ ಮನೆಯವರು ‘ಹೂಂ’ ಅನ್ನಬೇಕು. ಹಡಗು ಕಂಪನಿ ತನ್ನ ಬಾಡಿಗೆ ಬಂತು ಅಂತ ಡೆಲಿವರಿ ಆರ್ಡರ್ ಕೊಡಬೇಕು, ಅದೇ ಎಲ್ಲರ ಬಾಯಲ್ಲಿರುವ ‘ಡಿಓ’. ಕಸ್ಟಮ್ಸ್‌ನವರು ಆಮದಿನ ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿ ನೋಡಿ, ಸುಂಕ ಕಟ್ಟಿಸಿಕೊಂಡು ‘ಔಟ್ ಆಫ್ ಚಾರ್ಜ್’, ಅಂದರೆ ಮಾಲು ಹೊರಗೆ ಬಿಡುವ ಅನುಮತಿ ಕೊಡಬೇಕು. ಟರ್ಮಿನಲ್‌ಗೆ ಅದರ ಶುಲ್ಕ ಸಂದಾಯವಾಗಿರಬೇಕು. ಇದರ ಹಿಂದೆ ಹಳೆಯ ಒಂದು ಕಾಗದ ಇದೆ, ಬಿಲ್ ಆಫ್ ಲೇಡಿಂಗ್, ಅಂದರೆ ಮಾಲು ಹತ್ತಿಸಿಕೊಂಡದ್ದಕ್ಕೆ ಹಡಗು ಕಂಪನಿ ಕೊಡುವ ರಸೀದಿ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದ ಹಾಗೆ: ಯಾರ ಕೈಯಲ್ಲಿ ಟೋಕನ್ ಇದೆಯೋ ಅವರಿಗೆ ಚಪ್ಪಲಿ. ಸಾಮಾನ್ಯವಾಗಿ ಇದರ ಮೂರು ಮೂಲ ಪ್ರತಿ ಕೊಡುತ್ತಾರೆ. ಭಾರತದಲ್ಲಿ ಇದನ್ನು ಆಳುತ್ತಿದ್ದ ಕಾಯ್ದೆ 1856ರದ್ದು, ಸಿಪಾಯಿ ದಂಗೆಗಿಂತ ಒಂದು ವರ್ಷ ಹಳೆಯದು! ಅದರ ಜಾಗಕ್ಕೆ ಹೊಸ ಕಾಯ್ದೆ ಬಂದದ್ದು 2025ರಲ್ಲಿ. ಬ್ರಿಟನ್ 2023ರಲ್ಲೇ ವಿದ್ಯುನ್ಮಾನ ಪ್ರತಿಗೂ ಕಾಗದದಷ್ಟೇ ಬೆಲೆ ಕೊಡುವ ಕಾನೂನು ಮಾಡಿತು.

ಕಾಗದದ ತಾಪತ್ರಯ ಬೇಡ ಅಂತ ಯುರೋಪಿನ ಬಂದರುಗಳು ಪಿನ್ ಸಂಖ್ಯೆಗೆ ಹೋದವು. ಹಡಗು ಕಂಪನಿ ಪ್ರತಿ ಕಂಟೇನರಿಗೂ ಒಂದು ಪಿನ್ ಮಾಡಿ ಇಮೇಲ್ ಕಳಿಸುತ್ತಿತ್ತು. ಮಾಲೀಕರ ಪರವಾಗಿ ಸಾಗಣೆ ನೋಡಿಕೊಳ್ಳುವ ಫಾರ್ವರ್ಡರ್ ಅದನ್ನು ಲಾರಿ ಕಂಪನಿಗೆ, ಅವರು ಚಾಲಕನಿಗೆ ದಾಟಿಸುತ್ತಿದ್ದರು. ಗೇಟಿನಲ್ಲಿ ಪಿನ್ ಒತ್ತಿದರೆ ಮಾಲು ಕೈಗೆ. ಸುಲಭ, ಅಲ್ವಾ? ಆದರೆ ಟೋಕನ್ ಕದ್ದರೆ ಕಳೆದದ್ದು ಗೊತ್ತಾಗುತ್ತದೆ. ಪಿನ್ ಕದ್ದರೆ ಅದು ಇದ್ದಲ್ಲೇ ಇರುತ್ತದೆ. ನಕಲು ಮಾಡಿದ್ದಕ್ಕೆ ಗುರುತೇ ಇಲ್ಲ. ಅದು ಹಾದು ಹೋಗುವ ಹತ್ತಾರು ಮೇಲ್‌ಬಾಕ್ಸ್‌ಗಳಲ್ಲಿ ಒಬ್ಬ ಗುಮಾಸ್ತನಿಗೆ ದುಡ್ಡು ಕೊಟ್ಟರೂ ಸಾಕು.

ಇದು ಬರೀ ಊಹೆಯಾಗಿ ಉಳಿಯಲಿಲ್ಲ. ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ 2011ರಿಂದ ಸುಮಾರು ಎರಡು ವರ್ಷ ಮಾದಕ ವಸ್ತುವಿನ ತಂಡವೊಂದು ಹ್ಯಾಕರ್‌ಗಳನ್ನು ಇಟ್ಟುಕೊಂಡು ಇದೇ ದಂಧೆ ಮಾಡಿತು. ದಕ್ಷಿಣ ಅಮೆರಿಕದಿಂದ ಬರುವ ಬಾಳೆಹಣ್ಣು, ಮರದ ದಿಮ್ಮಿಯ ಕಂಟೇನರ್‌ಗಳಲ್ಲಿ ಕೊಕೇನ್ ಅಡಗಿಸಿಡುತ್ತಿದ್ದರು. ಬಂದರಿನ ಕಂಪನಿಗಳ ನೌಕರರಿಗೆ ಇಮೇಲ್‌ನಲ್ಲಿ ಕುತಂತ್ರಾಂಶ ಕಳಿಸಿ ಒಳಹೊಕ್ಕರು. ಪೆಟ್ಟಿಗೆ ಎಲ್ಲಿದೆ, ಬಿಡುಗಡೆ ಸಂಕೇತ ಏನು ಅಂತ ನೋಡಿಕೊಂಡು, ನಿಜವಾದ ಮಾಲೀಕರು ಬರುವ ಮುಂಚೆ ತಮ್ಮ ಲಾರಿ ಕಳಿಸುತ್ತಿದ್ದರು. ಕಂಪನಿಗಳು ಫೈರ್‌ವಾಲ್ ಹಾಕಿದವು. ಆಗ ಕಳ್ಳರು ಕಚೇರಿಗೇ ನುಗ್ಗಿ, ಪ್ಲಗ್ ಪಟ್ಟಿಯೊಳಗೆ ಪುಟ್ಟ ಕಂಪ್ಯೂಟರ್ ಅಡಗಿಸಿ, ಕೀಬೋರ್ಡ್‌ನಲ್ಲಿ ಒತ್ತಿದ್ದನ್ನೆಲ್ಲ ಕದಿಯುವ ಉಪಕರಣ ಕೂರಿಸಿ ಹೋದರು. ಅನುಮಾನ ಬಂದದ್ದು ಇಡೀ ಕಂಟೇನರ್‌ಗಳೇ ಕಾಣೆಯಾಗತೊಡಗಿದಾಗ. 2013ರಲ್ಲಿ ಏನೂ ಅರಿಯದ ಒಬ್ಬ ಲಾರಿ ಚಾಲಕ ಅಂಥದೊಂದು ಪೆಟ್ಟಿಗೆ ಒಯ್ದಿದ್ದಕ್ಕೆ ದಾರಿಯಲ್ಲಿ ಅವನ ಮೇಲೆ ಗುಂಡು ಹಾರಿತು. ಹತ್ತು ವರ್ಷ ಕಳೆದರೂ, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್‌ನ 2023ರ ವರದಿ ಪಿನ್ ಕಳ್ಳತನವನ್ನೇ ದೊಡ್ಡ ದಾರಿಯೆಂದು ಎತ್ತಿ ಹೇಳಿತು.

ಹಾಗಾದರೆ ಪಿನ್ ಇನ್ನೂ ಉದ್ದ ಮಾಡಿದರೆ? ಪ್ರಯೋಜನವಿಲ್ಲ. ಇಪ್ಪತ್ತು ಅಂಕಿಯನ್ನೂ ನಕಲು ಮಾಡಬಹುದು. ಆಂಟ್‌ವರ್ಪ್ 2021ರಿಂದ ತಂದ ‘ಸರ್ಟಿಫೈಡ್ ಪಿಕ್ ಅಪ್’ ಪದ್ಧತಿಯಲ್ಲಿ ಗುಟ್ಟಿನ ಸಂಖ್ಯೆ ಕೈಯಿಂದ ಕೈಗೆ ಓಡಾಡುವುದಿಲ್ಲ. ಓಡಾಡುವುದು ಹಕ್ಕು. ಒಂದು ಕಂಟೇನರಿಗೆ ಒಂದು ಲೆಕ್ಕದ ಸಾಲು. ಈ ಗಳಿಗೆಯಲ್ಲಿ ಹಕ್ಕು ಯಾರ ಹೆಸರಿನಲ್ಲಿದೆ ಅಂತ ಅದರಲ್ಲಿ ಇರುತ್ತದೆ. ಹಡಗು ಕಂಪನಿ ಫಾರ್ವರ್ಡರ್‌ಗೆ ದಾಟಿಸಿದ ಕೂಡಲೇ ಮುಂದೆ ಅದನ್ನು ದಾಟಿಸುವ ಅಧಿಕಾರ ಫಾರ್ವರ್ಡರ್‌ನದು. ಫಾರ್ವರ್ಡರ್ ಅದನ್ನು ಲಾರಿ ಕಂಪನಿಗೆ ಕೊಟ್ಟರೆ ಅವರ ಕೈ ಖಾಲಿ. ಯಾರು, ಯಾವಾಗ, ಯಾರಿಗೆ ಕೊಟ್ಟರು ಅನ್ನುವುದೆಲ್ಲ ದಾಖಲಾಗುತ್ತದೆ. ಅಲ್ಲಿನ ಗೇಟಿನಲ್ಲಿ ಚಾಲಕ ತನ್ನ ಕಾರ್ಡು, ಬೆರಳಚ್ಚು ತೋರಿಸಿಯೇ ಒಳಗೆ ಹೋಗುವುದು. ರಾಟರ್‌ಡ್ಯಾಮ್ ಕೂಡ 2024ರಲ್ಲಿ ಲ್ಯಾಟಿನ್ ಅಮೆರಿಕದ ಸರಕಿನಿಂದ ಶುರುಮಾಡಿ ಇದೇ ದಾರಿ ಹಿಡಿಯಿತು.

ಹಕ್ಕು ದಾಟಿಸಿದ್ದು ಅವರೇ ಅಂತ ನಂಬುವುದು ಹೇಗೆ? ಡಿಜಿಟಲ್ ಸಹಿಯಿಂದ. ಬೆಂಗಳೂರಿನ ಯಾವ ಕಸ್ಟಮ್ಸ್ ಏಜೆಂಟರ ಮೇಜಿನ ಮೇಲೂ ಒಂದು ಯುಎಸ್‌ಬಿ ಕಡ್ಡಿ ಇರುತ್ತದೆ, ಅವರು ‘ಡಿಎಸ್‌ಸಿ’ ಅನ್ನುತ್ತಾರೆ. ಐಸ್‌ಗೇಟ್ ಎಂಬ ಕಸ್ಟಮ್ಸ್ ಪೋರ್ಟಲಿಗೆ ಬಿಲ್ ಆಫ್ ಎಂಟ್ರಿ ಹಾಕುವಾಗ ಅದನ್ನೇ ಚುಚ್ಚುವುದು. ಅದರೊಳಗಿನ ಖಾಸಗಿ ಕೀಲಿ ಹೊರಗೆ ಬರುವುದಿಲ್ಲ. ಕಾಗದಪತ್ರವನ್ನು ಅದರಿಂದ ಸಹಿ ಮಾಡಿದರೆ, ಜೋಡಿಯಾದ ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದು ಅಲ್ಪವಿರಾಮ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ಆದರೆ ಕಡ್ಡಿ ಮತ್ತು ಅದರ ಪಾಸ್‌ವರ್ಡ್ ಎರಡನ್ನೂ ಆಫೀಸ್ ಹುಡುಗನ ಕೈಗೆ ಕೊಟ್ಟು ಊಟಕ್ಕೆ ಹೋದರೆ ಗಣಿತ ಏನು ಮಾಡೀತು?

ಎಲ್ಲ ಗಣಕಕ್ಕೇ ಒಪ್ಪಿಸಿದರೆ ಇನ್ನೊಂದು ಕಷ್ಟ ಇದೆ. 2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ಕುತಂತ್ರಾಂಶ ಮೇರ್ಸ್ಕ್ ಹಡಗು ಕಂಪನಿಯ ಜಾಲವನ್ನು ಮಲಗಿಸಿತು. ನ್ಹಾವಾ ಶೇವಾದ ಅದರ ಟರ್ಮಿನಲ್ಲಿನ ಕೆಲಸವೂ ನಿಂತಿತು. ಪೆಟ್ಟಿಗೆ ಕಣ್ಣೆದುರೇ ಇತ್ತು, ಯಾರದು ಅಂತ ಹೇಳುವ ಯಂತ್ರ ಸತ್ತಿತ್ತು. ಕಂಪನಿ ಸುಮಾರು ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿತು. ಬಿಡುಗಡೆಯ ಸೇವೆ ಒಂದೇ ಕಡೆ ಇದ್ದಷ್ಟೂ ಕಳ್ಳನಿಗೆ ಕಷ್ಟ, ಕೆಟ್ಟಾಗ ಎಲ್ಲರಿಗೂ ಕಷ್ಟ. ಕಾಗದದ ಕ್ರಮವನ್ನು ಪೂರ್ತಿ ಮರೆಯುವುದು ಜಾಣತನ ಅಂತ ನನಗನ್ನಿಸುವುದಿಲ್ಲ.

ಗೇಟ್ ದಾಟಿದ ಮೇಲೂ ಒಂದು ಪರೀಕ್ಷೆ ಬಾಕಿ. ಕಂಟೇನರ್ ಬಾಗಿಲಿಗೆ ದಪ್ಪ ಬೋಲ್ಟಿನ ಸೀಲ್ ಇರುತ್ತದೆ, ಅದಕ್ಕೂ ಸಂಖ್ಯೆ ಇದೆ. ಪೀಣ್ಯದಲ್ಲಿ ಕಟ್ಟರ್ ಹಿಡಿಯುವ ಮುಂಚೆ ಅದು ಬಿಲ್ ಆಫ್ ಲೇಡಿಂಗ್‌ನಲ್ಲಿರುವ ಸಂಖ್ಯೆಗೆ ತಾಳೆಯಾಗುತ್ತದಾ ನೋಡಬೇಕು. ದಾರಿಯಲ್ಲಿ ಕಸ್ಟಮ್ಸ್‌ನವರು ತೆರೆದು ಹೊಸ ಸೀಲ್ ಹಾಕಿದ್ದರೆ ಅದರ ದಾಖಲೆ ಇರಬೇಕು. ಎರಡೂ ಇಲ್ಲದಿದ್ದರೆ ಕತ್ತರಿಸದೆ ಫೋಟೊ ತೆಗೆದು, ಹಡಗು ಕಂಪನಿಗೂ ವಿಮೆಯವರಿಗೂ ತಿಳಿಸುವುದು ರೂಢಿ. ಮಾಲು ಇಳಿಸಿದ ಮೇಲೆ ಖಾಲಿ ಪೆಟ್ಟಿಗೆ ಡಿಪೊಗೆ ಹೋಗಬೇಕು. ಉಚಿತ ದಿನಗಳು ಮುಗಿದಿದ್ದರೆ, ಪರದೆಯಲ್ಲಿ ‘ಖಾಲಿ ವಾಪಸ್’ ಅಂತ ಬೀಳುವ ತನಕ ಡಿಟೆನ್ಷನ್ ಶುಲ್ಕ, ಅಂದರೆ ಪೆಟ್ಟಿಗೆ ತಡವಾಗಿ ಮರಳಿಸುವುದಕ್ಕೆ ಬೀಳುವ ದಂಡ, ಡಾಲರ್ ಲೆಕ್ಕದಲ್ಲಿ ಏರುತ್ತಲೇ ಇರುತ್ತದೆ.