135 ಪೌಂಡಿನ ಬದುಕು

2005ರ ಅಕ್ಟೋಬರ್, ಲಾಸ್ ವೇಗಾಸ್. ಮರುದಿನ ಕಾದಾಡಬೇಕಿದ್ದ ಮೆಕ್ಸಿಕೊದ ಲೈಟ್‌ವೇಟ್ ಬಾಕ್ಸರ್ ಹೊಸೆ ಲೂಯಿಸ್ ಕಾಸ್ಟಿಯೊ ತೂಕದ ಯಂತ್ರ ಹತ್ತಿ ನಿಂತಿದ್ದರು. ಮಿತಿ 135 ಪೌಂಡ್, ಅಂದರೆ 61 ಕಿಲೋಗಿಂತ ಒಂಚೂರು ಜಾಸ್ತಿ. ಅಷ್ಟರಲ್ಲಿ ಅವರ ತಂಡದವರೊಬ್ಬರು ಯಂತ್ರದ ಅಡಿಗೆ ಮೆಲ್ಲಗೆ ಪಾದ ತೂರಿಸಿದ್ದು ಸಿಕ್ಕಿಬಿತ್ತು. ತೂಕ ಕಡಿಮೆ ತೋರಿಸಲಿ ಅಂತ! ಹಾಗೆ ಮಾಡಿದವರು ತಂಡದ ವೈದ್ಯರು ಅನ್ನೋದು ಇನ್ನೂ ತಮಾಷೆ. ಕೊನೆಗೆ ಬಂದ ತೂಕ 138.5.

ಎದುರಾಳಿ ಡಿಯೆಗೊ ಕೊರಾಲೆಸ್ ಮಾತ್ರ 135ಕ್ಕೆ ಇಳಿದು ಬಂದಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಇವರಿಬ್ಬರ ಮೊದಲ ಪಂದ್ಯ ನಡೆದಿತ್ತು. 10ನೇ ಸುತ್ತಿನಲ್ಲಿ ಎರಡು ಸಲ ನೆಲಕ್ಕೆ ಬಿದ್ದ ಕೊರಾಲೆಸ್ ಅದೇ ಸುತ್ತಿನಲ್ಲಿ ಎದ್ದು ಗೆದ್ದಿದ್ದರು. ಈ ಸಲ ಅವರು ನಾಲ್ಕನೇ ಸುತ್ತಿನಲ್ಲೇ ಮಲಗಿದರು. 2006ರಲ್ಲಿ ಮೂರನೇ ಪಂದ್ಯಕ್ಕೆ ಕಾಸ್ಟಿಯೊ 139.5 ತೂಗಿದರು. ಆ ಪಂದ್ಯ ನಡೆಯಲೇ ಇಲ್ಲ.

ನಾಲ್ಕು ಪೌಂಡಿಗೆ ಇಷ್ಟೊಂದು ರಂಪವೇ ಅನ್ನಿಸುತ್ತದೆ, ಅಲ್ವಾ? ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಂಪ್ರದಾಯಿಕವಾಗಿ 17 ತೂಕದ ವಿಭಾಗಗಳಿವೆ. 130ರಿಂದ 135 ಪೌಂಡಿನವರೆಗಿನ ಐದು ಪೌಂಡಿನ ಜಾಗ ಲೈಟ್‌ವೇಟ್‌ನದು. ಗುದ್ದಿನ ಬಲ ತೋಳಿನಿಂದ ಮಾತ್ರ ಬರುವುದಿಲ್ಲ. ಪಾದ ನೆಲವನ್ನು ತಳ್ಳುತ್ತದೆ, ಸೊಂಟ ತಿರುಗುತ್ತದೆ, ಭುಜ ಅದನ್ನು ಮುಂದಕ್ಕೆ ದಾಟಿಸುತ್ತದೆ, ಮುಷ್ಟಿ ಕೊನೆಯಲ್ಲಿ ತಲುಪಿಸುತ್ತದೆ. ಹಿಂದೆ ಎಷ್ಟು ಮೈಭಾರ ಇದೆಯೋ ಅಷ್ಟು ಪೆಟ್ಟು. ಒಲಿಂಪಿಕ್ ಮಟ್ಟದ ಬಾಕ್ಸರ್‌ಗಳ ಗುದ್ದನ್ನು ಅಳೆದಾಗ ಸರಾಸರಿ ಸುಮಾರು 3,400 ನ್ಯೂಟನ್ ಬಂದಿತ್ತು. ಅತಿ ಹಗುರದವರಿಂದ ಅತಿ ಭಾರದವರ ಕಡೆಗೆ ಹೋದಂತೆ ಬಲವೂ ಏರಿತ್ತು. ಹಾಗಾಗಿ ಒಂದು ವಿಭಾಗದಲ್ಲಿ ದೊಡ್ಡವನಾಗಿರುವುದು ಲಾಭ. ಎಲ್ಲ ತೊಂದರೆ ಶುರುವಾಗುವುದೂ ಈ ಲೆಕ್ಕದಿಂದಲೇ.

ಯಾಕೆಂದರೆ ಲೈಟ್‌ವೇಟ್ ಬಾಕ್ಸರ್ ಅನ್ನಿಸಿಕೊಂಡವನು ವರ್ಷದ ಬಹುಪಾಲು ದಿನ ಲೈಟ್‌ವೇಟ್ ಆಗಿರುವುದೇ ಇಲ್ಲ. ಪಂದ್ಯವಿಲ್ಲದ ದಿನಗಳಲ್ಲಿ ಹತ್ತು ಹದಿನೈದು ಪೌಂಡ್ ಜಾಸ್ತಿ ಇಟ್ಟುಕೊಂಡು ಆರಾಮವಾಗಿ ಓಡಾಡುತ್ತಾನೆ. ಪಂದ್ಯ ಗೊತ್ತಾದ ಮೇಲೆ ಕೆಲವು ವಾರ ಊಟ ಕಟ್ಟುನಿಟ್ಟು, ಬೆಳಿಗ್ಗೆ ಓಟ, ಸಂಜೆ ಜಿಮ್. ಇಷ್ಟರಲ್ಲಿ ಕರಗುವುದು ಕೊಬ್ಬು. ಅದರ ಬಗ್ಗೆ ಯಾರ ತಕರಾರೂ ಇಲ್ಲ. ಕೊನೆಯ ವಾರದ ಕಥೆ ಬೇರೆ. ಆಗ ಇಳಿಯುವುದು ನೀರು.

ಮೊದಲು ಅನ್ನ, ಬ್ರೆಡ್ಡಿನಂಥ ಪಿಷ್ಟದ ಊಟ ಬಂದ್. ಸ್ನಾಯು ಮತ್ತು ಲಿವರ್‌ನಲ್ಲಿ ಸುಮಾರು ಅರ್ಧ ಕಿಲೋದಷ್ಟು ಗ್ಲೈಕೊಜನ್, ಅಂದರೆ ಇಂಥ ಊಟದಿಂದ ದೇಹ ಕೂಡಿಟ್ಟುಕೊಂಡ ಸಕ್ಕರೆ, ಇರುತ್ತದೆ. ಅದರ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಗ್ಲೈಕೊಜನ್ ಖಾಲಿಯಾದರೆ ಆ ನೀರೂ ಹೊರಟುಹೋಗುತ್ತದೆ. ಆಮೇಲೆ ಉಪ್ಪು ಕಡಿತ. ನಾರಿನಂಶದ ತರಕಾರಿಯೂ ಇಲ್ಲ, ಕರುಳಿನಲ್ಲಿ ಇರುವುದೂ ತೂಕವೇ ತಾನೇ.

ಇನ್ನು ಕೊನೆಯ ರಾತ್ರಿ. ಹೋಟೆಲ್ ಕೋಣೆಯ ಟಬ್ಬಿನಲ್ಲಿ ಕುತ್ತಿಗೆವರೆಗೆ ಬಿಸಿನೀರು. ಮೈ ಬಿಸಿಯಾದಾಗ ಬೆವರು ಬರುತ್ತದೆ, ಬೆವರು ಆವಿಯಾದರೆ ಮೈ ತಣ್ಣಗಾಗುತ್ತದೆ. ನೀರಿನೊಳಗೆ ಕೂತರೆ ಆವಿಯಾಗುವುದೆಲ್ಲಿ? ತಣ್ಣಗಾಗದ ಮೈ ಇನ್ನಷ್ಟು ಬೆವರುತ್ತಲೇ ಹೋಗುತ್ತದೆ. ಹದಿನೈದಿಪ್ಪತ್ತು ನಿಮಿಷಕ್ಕೆ ಎಬ್ಬಿಸಿ, ಟವೆಲ್ ಸುತ್ತಿ, ಮೇಲೆ ಬೆವರಿನ ಸೂಟ್ ಹಾಕಿ ಮಲಗಿಸುತ್ತಾರೆ. ಮತ್ತೆ ತೂಕ, ಮತ್ತೆ ಟಬ್ಬು. ಒಂದು ಹಂತ ದಾಟಿದ ಮೇಲೆ ಬೆವರುವ ವೇಗವೇ ಇಳಿಯುತ್ತದೆ. ದೇಹ ಉಳಿದ ನೀರನ್ನು ಬಿಟ್ಟುಕೊಡಲು ಒಲ್ಲೆ ಅನ್ನುತ್ತದೆ. ಆಗ ಚೂಯಿಂಗ್ ಗಮ್ ಜಗಿದು ಬಾಟಲಿಗೆ ಉಗುಳುತ್ತಾ ಕೂರುವವರಿದ್ದಾರೆ. ಒಂದೊಂದು ಗ್ರಾಂಗೂ ಬೆಲೆ.

ಬೆವರಿನಲ್ಲಿ ಮೂರು ಲೀಟರ್ ಹೋದರೆ ಇಂಥ ದೇಹದ ಸುಮಾರು 5 ಶೇಕಡಾ ತೂಕ ಹೋದಂತೆ. 2 ಶೇಕಡಾ ಇಳಿದರೇ ದಮ್ಮು ಕಡಿಮೆಯಾಗುತ್ತದೆ ಅನ್ನುವುದು ಕ್ರೀಡಾ ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ರಕ್ತದ ನೀರಿನ ಭಾಗ ತಗ್ಗುತ್ತದೆ. ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತವೂ ಕಡಿಮೆ. ಅದನ್ನು ಸರಿದೂಗಿಸಲು ಹೃದಯ ಜೋರಾಗಿ ಬಡಿಯುತ್ತದೆ. ಮೂರು ನಿಮಿಷ ಹೊಡೆದಾಟ, ಒಂದು ನಿಮಿಷ ವಿಶ್ರಾಂತಿ ಅನ್ನುವ ಆಟದಲ್ಲಿ ಆ ಒಂದು ನಿಮಿಷದೊಳಗೆ ಎಷ್ಟು ಚೇತರಿಸಿಕೊಳ್ಳುತ್ತಾನೆ ಅನ್ನುವುದೇ ಎಲ್ಲ. ನೀರಿಲ್ಲದ ಮೈಗೆ ಆ ನಿಮಿಷ ಸಾಲುವುದಿಲ್ಲ.

ಮಿದುಳಿನ ಮಾತು ಇನ್ನೂ ಸೂಕ್ಷ್ಮ. ವ್ಯಾಯಾಮದಿಂದ ಚೆನ್ನಾಗಿ ಬೆವರಿದ ಹದಿಹರೆಯದವರನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದಾಗ ಮಿದುಳಿನೊಳಗಿನ ದ್ರವದ ಕೋಣೆಗಳು ಹಿಗ್ಗಿದ್ದವು. ಕೊಟ್ಟ ಲೆಕ್ಕವನ್ನು ಅವರು ಮೊದಲಿನಷ್ಟೇ ಸರಿಯಾಗಿ ಮಾಡಿದರು, ಆದರೆ ಮಿದುಳು ಅದಕ್ಕೆ ಜಾಸ್ತಿ ದುಡಿಯಬೇಕಾಯಿತು. ಇವರಿಗೆ ಯಾರೂ ಗುದ್ದಿರಲಿಲ್ಲ ಅನ್ನುವುದನ್ನು ನೆನಪಿಡಿ.

ಗುದ್ದು ಬಿದ್ದಾಗ ಏನಾಗುತ್ತದೆ? ನೇರ ಏಟಿಗಿಂತ ದವಡೆಯ ಪಕ್ಕಕ್ಕೆ ಬೀಳುವ ಏಟು ಕೆಟ್ಟದ್ದು. ತಲೆ ಗಿರ್ರನೆ ತಿರುಗುತ್ತದೆ. ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗುವುದಿಲ್ಲ. ಮಿದುಳಿನ ಮೇಲ್ಮೈಯಿಂದ ಬುರುಡೆಯ ಕಡೆಗೆ ಸೇತುವೆಯಂತೆ ಹಾಯುವ ಸಣ್ಣ ರಕ್ತನಾಳಗಳಿವೆ. ಈ ಎಳೆದಾಟಕ್ಕೆ ಅವು ಹರಿಯಬಹುದು. ಹರಿದರೆ ರಕ್ತ ಸೋರಿ ಮಿದುಳನ್ನು ಅದುಮುತ್ತದೆ. ನೀರು ಕಡಿಮೆಯಾಗಿ ಮಿದುಳು ತುಸು ಕುಗ್ಗಿದ್ದರೆ ಆ ನಾಳಗಳು ಮೊದಲೇ ಬಿಗಿದುಕೊಂಡಿರುತ್ತವೆ ಅನ್ನುವುದು ಅನೇಕ ವೈದ್ಯರ ತರ್ಕ. ಇದು ರಿಂಗ್‌ನಲ್ಲಿ ಪ್ರಯೋಗ ಮಾಡಿ ಸಾಬೀತು ಮಾಡುವಂಥದ್ದಲ್ಲ. ನನಗಂತೂ ಒಪ್ಪಿಗೆಯಾಗುವ ತರ್ಕ.

1982ರ ನವೆಂಬರ್ 13ರಂದು ಲಾಸ್ ವೇಗಾಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಲೈಟ್‌ವೇಟ್ ಪಟ್ಟಕ್ಕಾಗಿ ರೇ ಮಾನ್ಸಿನಿ ಎದುರು ನಿಂತರು. ಮಿತಿಯೊಳಗೆ ಬರಲು ಕಿಮ್ ಬಹಳ ಒದ್ದಾಡಿದ್ದರು. 13 ಸುತ್ತು ಇಬ್ಬರೂ ಹಿಂದೆ ಸರಿಯಲಿಲ್ಲ. 14ನೇ ಸುತ್ತು ಶುರುವಾಗುತ್ತಿದ್ದಂತೆ ಮಾನ್ಸಿನಿಯ ಬಲಗೈ ಗುದ್ದಿಗೆ ಕಿಮ್ ಬಿದ್ದರು, ಹಗ್ಗ ಹಿಡಿದು ಎದ್ದರು. ರೆಫರಿ ಪಂದ್ಯ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕಿಮ್ ಪ್ರಜ್ಞೆ ತಪ್ಪಿದರು. ಮಿದುಳಿನ ಮೇಲೆ ರಕ್ತ ಕಟ್ಟಿತ್ತು. ಶಸ್ತ್ರಚಿಕಿತ್ಸೆ ಮಾಡಿದರೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇದಾದ ಮೇಲೆ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪಟ್ಟದ ಪಂದ್ಯಗಳನ್ನು 15ರಿಂದ 12 ಸುತ್ತಿಗೆ ಇಳಿಸಿತು. ಉಳಿದ ಸಂಸ್ಥೆಗಳು ದಶಕ ಮುಗಿಯುವುದರೊಳಗೆ ಅದೇ ದಾರಿ ಹಿಡಿದವು.

ತೂಕ ನೋಡುವ ಸಮಯವೂ ಅದೇ ದಶಕದಲ್ಲಿ ಬದಲಾಯಿತು. ಹಿಂದೆಲ್ಲ ಪಂದ್ಯದ ದಿನವೇ ತೂಗುತ್ತಿದ್ದರು. 1906ರಲ್ಲಿ ನೆವಾಡಾದ ಗೋಲ್ಡ್‌ಫೀಲ್ಡ್‌ನಲ್ಲಿ ಲೈಟ್‌ವೇಟ್ ಚಾಂಪಿಯನ್ ಜೋ ಗ್ಯಾನ್ಸ್ ಅವರನ್ನು ಎದುರಾಳಿ ಬ್ಯಾಟ್ಲಿಂಗ್ ನೆಲ್ಸನ್ ಕಡೆಯವರು ಒಂದೇ ದಿನ ಮೂರು ಸಲ ಯಂತ್ರ ಹತ್ತಿಸಿದರು. ಮಿತಿ 133 ಪೌಂಡ್. ಆಮೇಲೆ ಬಿಸಿಲಿನಲ್ಲಿ 42 ಸುತ್ತು! ನೆಲ್ಸನ್ ಸೊಂಟದ ಕೆಳಗೆ ಹೊಡೆದಿದ್ದಕ್ಕೆ ಗ್ಯಾನ್ಸ್ ಗೆದ್ದರು ಅನ್ನಿ. ಹೀಗೆ ಬಾಡಿಹೋದವರನ್ನು ರಿಂಗಿಗೆ ದೂಡಬಾರದು, ಹಿಂದಿನ ದಿನ ತೂಗಿದರೆ ನೀರು ಕುಡಿದು ಚೇತರಿಸಿಕೊಳ್ಳುತ್ತಾರೆ ಅನ್ನುವುದು ಹೊಸ ನಿಯಮದ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಬಾಕ್ಸರ್‌ಗಳು ಅದನ್ನು ಓದಿಕೊಂಡಿದ್ದು ಬೇರೆ ಥರ. ಚೇತರಿಸಿಕೊಳ್ಳಲು ಇಪ್ಪತ್ನಾಲ್ಕು ತಾಸು ಇದೆಯಾ? ಹಾಗಾದರೆ ಇನ್ನೂ ನಾಲ್ಕು ಪೌಂಡ್ ಜಾಸ್ತಿ ಇಳಿಸಬಹುದು.

2000ದ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಾಜಿ ಲೈಟ್‌ವೇಟ್ ಚಾಂಪಿಯನ್ ಜೋಯಿ ಗಮಾಷ್ ಮತ್ತು ಆರ್ಟುರೊ ಗಾಟ್ಟಿ ನಡುವೆ ಪಂದ್ಯ. ಒಪ್ಪಂದದ ಮಿತಿ 141 ಪೌಂಡ್. ಪಂದ್ಯದ ಹೊತ್ತಿಗೆ ಟಿವಿಯವರು ತೂಗಿದಾಗ ಗಮಾಷ್ 145, ಗಾಟ್ಟಿ 160. ಎರಡೇ ಸುತ್ತು. ಮಿದುಳಿಗೆ ಪೆಟ್ಟಾದ ಗಮಾಷ್ ಮತ್ತೆಂದೂ ರಿಂಗ್ ಹತ್ತಲಿಲ್ಲ. ಅವರು ಮೊಕದ್ದಮೆ ಹೂಡಿದರು. ತೂಕ ನೋಡುವಾಗ ರಾಜ್ಯದ ಬಾಕ್ಸಿಂಗ್ ಆಯೋಗ ನಿರ್ಲಕ್ಷ್ಯ ಮಾಡಿದ್ದು ನಿಜ, ಆದರೆ ಗಾಯಕ್ಕೆ ಅದೇ ಕಾರಣ ಅಂತ ಸಾಬೀತಾಗಿಲ್ಲ ಎಂದು 2010ರಲ್ಲಿ ತೀರ್ಪು ಬಂತು. ಪರಿಹಾರ ಸಿಗಲಿಲ್ಲ.

ಕುಡಿದ ನೀರು ಅಷ್ಟು ಬೇಗ ಒಳಗೆ ಸೇರುತ್ತದೆಯೇ? ಹೊಟ್ಟೆ ತಾಸಿಗೆ ಸುಮಾರು ಒಂದು ಲೀಟರ್ ಮುಂದಕ್ಕೆ ಕಳಿಸಿದರೆ ಹೆಚ್ಚು. ಬರೀ ನೀರು ಕುಡಿದರೆ ಬಹಳಷ್ಟು ಮೂತ್ರವಾಗಿ ಹೋಗುತ್ತದೆ, ಜೊತೆಗೆ ಉಪ್ಪು ಬೇಕು. ಡ್ರಿಪ್ ಹಾಕಿಸಿಕೊಳ್ಳೋಣ ಅಂದರೆ ಉದ್ದೀಪನ ಮದ್ದು ತಡೆ ನಿಯಮದಲ್ಲಿ 12 ತಾಸಿಗೆ 100 ಮಿಲಿಲೀಟರ್‌ಗಿಂತ ಹೆಚ್ಚು ಹಾಕುವಂತಿಲ್ಲ. ರಕ್ತ ಬೇಗ ತುಂಬಿಕೊಳ್ಳುತ್ತದೆ, ಜೀವಕೋಶಗಳು ನಿಧಾನ. ಯಂತ್ರದಲ್ಲಿ ತೂಕ ವಾಪಸು ಬಂತು ಅಂದಮಾತ್ರಕ್ಕೆ ನೀರು ಇರಬೇಕಾದ ಕಡೆ ಬಂದು ಕೂತಿದೆ ಅಂತಲ್ಲ.

ಈಗೀಗ ಹೀಗೆ ತೂಕ ವಾಪಸು ಪಡೆಯುವುದೂ ಚೌಕಾಸಿಯ ವಸ್ತು. 2023ರ ಏಪ್ರಿಲ್‌ನಲ್ಲಿ ಜರ್ವಾಂಟಾ ಡೇವಿಸ್ ಮತ್ತು ರಯಾನ್ ಗಾರ್ಸಿಯಾ 136 ಪೌಂಡಿಗೆ ಒಪ್ಪಿಕೊಂಡರು. ಪಂದ್ಯದ ದಿನ ಬೆಳಿಗ್ಗೆ 146 ಮೀರುವಂತಿಲ್ಲ ಅನ್ನುವ ಷರತ್ತೂ ಇತ್ತು. ಮೈಕಟ್ಟಿನಲ್ಲಿ ದೊಡ್ಡವರಾದ ಗಾರ್ಸಿಯಾಗೆ ಅದರಿಂದ ಕಷ್ಟವಾಯಿತು. ಏಳನೇ ಸುತ್ತಿನಲ್ಲಿ ಡೇವಿಸ್‌ರ ಎಡಗೈ ಪಕ್ಕೆಲುಬಿನ ಕೆಳಗೆ ಬಲಗಡೆ, ಲಿವರ್ ಇರುವ ಜಾಗಕ್ಕೆ ಬಿತ್ತು. ಗಾರ್ಸಿಯಾ ಎರಡು ಹೆಜ್ಜೆ ಹಿಂದೆ ನಡೆದರು, ಆಮೇಲೆ ಮೊಣಕಾಲೂರಿ ಕೂತರು. ಲಿವರ್ ಏಟಿನ ವಿಚಿತ್ರವೇ ಇದು. ತಲೆಯ ಏಟಿನಂತೆ ತಕ್ಷಣ ಬೀಳಿಸುವುದಿಲ್ಲ. ಅಲ್ಲಿನ ನರಗಳು ಕೆರಳಿ, ರಕ್ತದ ಒತ್ತಡ ಇಳಿದು, ಒಂದೆರಡು ಕ್ಷಣ ತಡವಾಗಿ ಮೈ ಕೈಕೊಡುತ್ತದೆ. ಪ್ರಜ್ಞೆ ಪೂರ್ತಿ ಇರುತ್ತದೆ, ಏಳುವುದು ಮಾತ್ರ ಆಗುವುದಿಲ್ಲ.

ಹೀಗಾಗಿ ಒಳ್ಳೆಯ ಲೈಟ್‌ವೇಟ್‌ಗಳಲ್ಲಿ ಹೆಚ್ಚಿನವರು ಲೈಟ್‌ವೇಟ್ ಆಗಿ ಉಳಿಯುವುದಿಲ್ಲ. ಇಪ್ಪತ್ತೈದರ ಹೊತ್ತಿಗೆ ಸ್ನಾಯು ದಪ್ಪವಾಗುತ್ತದೆ, ಹದಿನೆಂಟರಲ್ಲಿ ಸುಲಭವಾಗಿದ್ದ 135 ಈಗ ಹಿಂಸೆ. ಲೈಟ್‌ವೇಟ್ ಚಾಂಪಿಯನ್ ಆಗಿದ್ದ ಟಿಯೊಫಿಮೊ ಲೋಪೆಜ್ 2021ರಲ್ಲಿ ಸೋತು 140ಕ್ಕೆ ಏರಿದರು, 2023ರಲ್ಲಿ ಅಲ್ಲಿಯೂ ಪಟ್ಟ ಗೆದ್ದರು. ಆದರೆ ಈ ಹಾದಿಯನ್ನು ಪೂರ್ತಿ ನಡೆದು ತೋರಿಸಿದವರು ಪನಾಮಾದ ರೊಬೆರ್ಟೊ ಡ್ಯುರಾನ್. 16ನೇ ವಯಸ್ಸಿಗೆ ವೃತ್ತಿಪರ, 21ಕ್ಕೆ ಲೈಟ್‌ವೇಟ್ ಚಾಂಪಿಯನ್. 1979ರಲ್ಲಿ ಪಟ್ಟ ಬಿಟ್ಟುಕೊಟ್ಟು ಮೇಲೇರಿ, 1980ರ ಜೂನ್‌ನಲ್ಲಿ 147 ಪೌಂಡಿನ ವಿಭಾಗದಲ್ಲಿ ಷುಗರ್ ರೇ ಲೆನಾರ್ಡ್‌ರನ್ನೇ ಸೋಲಿಸಿದರು. ಗೆದ್ದ ಖುಷಿಗೆ ಮೈ ಬಿಟ್ಟರು. ನವೆಂಬರ್‌ನಲ್ಲಿ ಮರುಪಂದ್ಯ ಅಂದಾಗ ಅವಸರದಲ್ಲಿ ತೂಕ ಇಳಿಸಬೇಕಾಯಿತು. ಎಂಟನೇ ಸುತ್ತಿನಲ್ಲಿ ಡ್ಯುರಾನ್ ತಾವಾಗಿಯೇ ಬೆನ್ನು ತಿರುಗಿಸಿಬಿಟ್ಟರು. ತೂಕ ನೋಡಿದ ಮೇಲೆ ವಿಪರೀತ ತಿಂದು ಹೊಟ್ಟೆ ಹಿಡಿದುಕೊಂಡಿತ್ತು ಅಂತ ಅವರ ಕಡೆಯ ವಿವರಣೆ. ಜನ ನಕ್ಕರು, ಹೇಡಿ ಅಂದರು. ಮೇಲಿನ ಲೆಕ್ಕವನ್ನೆಲ್ಲ ನೋಡಿದ ಮೇಲೆ ನನಗೆ ಅದು ಬರೀ ನೆಪ ಅನ್ನಿಸುವುದಿಲ್ಲ. 1989ರಲ್ಲಿ, 37ರ ವಯಸ್ಸಿನಲ್ಲಿ, ಅವರು 160 ಪೌಂಡಿನ ಮಿಡಲ್‌ವೇಟ್ ಪಟ್ಟವನ್ನೂ ಗೆದ್ದರು. ಒಟ್ಟು 119 ಪಂದ್ಯ. 50ರ ಹರೆಯದಲ್ಲಿ ಕೊನೆಯ ಪಂದ್ಯ ಆಡಿದ್ದು ಅದಕ್ಕೂ ಮೇಲಿನ ಸೂಪರ್ ಮಿಡಲ್‌ವೇಟ್‌ನಲ್ಲಿ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುತ್ತಲೇ ಸತ್ತರು. ಕೂಡಲೇ ಕಾಲೇಜು ಕುಸ್ತಿಯ ನಿಯಮ ಬದಲಾಯಿತು. ಋತು ಶುರುವಾಗುವ ಮೊದಲೇ ಮೂತ್ರ ಪರೀಕ್ಷೆ, ಮೈಯ ಕೊಬ್ಬಿನ ಅಳತೆ. ಅದರ ಮೇಲೆ ಪ್ರತಿಯೊಬ್ಬನಿಗೂ ಇದಕ್ಕಿಂತ ಕೆಳಗೆ ಇಳಿಯಕೂಡದು ಅನ್ನುವ ತೂಕ ನಿಗದಿ. ಬಾಕ್ಸಿಂಗ್‌ನಲ್ಲಿ ಇದು ಯಾಕೆ ಆಗಿಲ್ಲ? ಇಲ್ಲಿ ಪಟ್ಟ ಕೊಡುವ ದೊಡ್ಡ ಸಂಸ್ಥೆಗಳೇ ನಾಲ್ಕು, ಒಂದೊಂದಕ್ಕೆ ಒಂದೊಂದು ನಿಯಮ. ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪಟ್ಟದ ಪಂದ್ಯಕ್ಕೆ 30 ದಿನ ಮೊದಲು ಮಿತಿಗಿಂತ 10 ಶೇಕಡಾ, 7 ದಿನ ಮೊದಲು 5 ಶೇಕಡಾ ಒಳಗಿರಬೇಕು ಅನ್ನುತ್ತದೆ. ಅಂತರರಾಷ್ಟ್ರೀಯ ಬಾಕ್ಸಿಂಗ್ ಫೆಡರೇಷನ್ ಪಂದ್ಯದ ಬೆಳಿಗ್ಗೆ ಇನ್ನೊಮ್ಮೆ ತೂಗುತ್ತದೆ, ಮಿತಿಗಿಂತ 10 ಪೌಂಡ್ ಮೇಲೆ ಹೋಗುವಂತಿಲ್ಲ. ಇದ್ದುದರಲ್ಲಿ ಇದು ವಾಸಿ. ಆದರೆ ಎರಡು ಮೂರು ಸಂಸ್ಥೆಗಳ ಪಟ್ಟಗಳು ಒಟ್ಟಿಗೆ ಪಣಕ್ಕಿರುವ ಪಂದ್ಯ ಬಂದಾಗ ಈ ಎರಡನೇ ತೂಕವನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ.