ಕರೆಂಟ್ ಹೋದರೂ ರಿಪೀಟರ್ ನಿಲ್ಲಬಾರದು: ಎಷ್ಟು ದೊಡ್ಡ ಬ್ಯಾಟರಿ ಬೇಕು?

ಪ್ರಶ್ನೆ: ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಕ್ಲಬ್ಬಿನ ರಿಪೀಟರ್, ಅಂದರೆ ಒಂದು ರೇಡಿಯೊದ ಮಾತನ್ನು ಹಿಡಿದು ದೂರದವರಿಗೆ ಮರುಪ್ರಸಾರ ಮಾಡುವ ಯಂತ್ರ, 13.8 ವೋಲ್ಟ್ ಪವರ್ ಸಪ್ಲೈ ಮೇಲೆ ನಡೆಯುತ್ತದೆ. ಕರೆಂಟ್ ಹೋದರೆ ಕನಿಷ್ಠ 12 ಗಂಟೆ ನಡೆಯಬೇಕು. ಎಷ್ಟು ಆಂಪಿಯರ್ ಅವರ್ ಬ್ಯಾಟರಿ ಬೇಕು? ಸುಮ್ನೆ ಸಪ್ಲೈಗೆ ಪ್ಯಾರಲಲ್ ಆಗಿ ಜೋಡಿಸಿದರೆ ಸಾಕಲ್ವಾ?

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಸಾಲದು. ಬ್ಯಾಟರಿ ತುಂಬಿರುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ತೊಂದರೆ ಶುರುವಾಗುವುದು ಕರೆಂಟ್ ವಾಪಸ್ ಬಂದಾಗ. ಖಾಲಿಯಾದ ಬ್ಯಾಟರಿ ಸಿಕ್ಕಷ್ಟೂ ಎಳೆದುಕೊಳ್ಳುತ್ತದೆ. ರಿಪೀಟರನ್ನೂ ನಡೆಸಿ ಬ್ಯಾಟರಿಯನ್ನೂ ತುಂಬಿಸಲು ಹೋದ ಸಪ್ಲೈ ಓವರ್‌ಲೋಡ್ ಆಗಿ ಕೈಚೆಲ್ಲುತ್ತದೆ. ರಾತ್ರಿಯೆಲ್ಲ ಓಡಿದ ರಿಪೀಟರ್ ಕರೆಂಟ್ ಬಂದ ಮೇಲೆ ನಿಲ್ಲುತ್ತದೆ! ಇನ್ನೊಂದು ಕಡೆ, ಕರೆಂಟ್ ಇಲ್ಲದಾಗ ಬ್ಯಾಟರಿ ಸಪ್ಲೈಯೊಳಕ್ಕೆ ಹಿಮ್ಮುಖವಾಗಿ ಹರಿಯಬಹುದು.

ಹಾಗಾಗಿ ಸಪ್ಲೈಯಿಂದ ಒಂದು, ಬ್ಯಾಟರಿಯಿಂದ ಒಂದು ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಎರಡನ್ನೂ ರಿಪೀಟರ್ ಕಡೆ ಸೇರಿಸಿ. ಬ್ಯಾಟರಿಗೆ ಬೇರೆಯೇ ಚಾರ್ಜರ್ ಇರಲಿ. ಡಯೋಡಿನಲ್ಲಿ 0.3ರಿಂದ 0.5 ವೋಲ್ಟ್ ಹೋಗುತ್ತದೆ. 8 ಆಂಪಿಯರ್ ಹರಿದರೆ ಸುಮಾರು 3 ವ್ಯಾಟ್ ಶಾಖ, ಹೀಟ್‌ಸಿಂಕ್ ಬೇಕೇ ಬೇಕು. ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಸಪ್ಲೈ ಪಕ್ಕದಲ್ಲಿ ಹಾಕಿದ ಫ್ಯೂಸು ನಡುವಿನ ವೈರನ್ನು ಕಾಪಾಡುವುದಿಲ್ಲ.

ಈಗ ಅಳತೆ. ಡಿಸಿ ತೋರಿಸುವ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ನೋಡಿ. ರಿಪೀಟರ್ ಸುಮ್ಮನಿರುವಾಗ 1 ಆಂಪಿಯರ್, ಟ್ರಾನ್ಸ್‌ಮಿಟ್ ಆಗುವಾಗ 8 ಆಂಪಿಯರ್ ಬಂತು ಅಂದುಕೊಳ್ಳೋಣ. ಗಂಟೆಗೆ 12 ನಿಮಿಷ ಮಾತುಕತೆ ನಡೆದರೆ ಸರಾಸರಿ 2.4 ಆಂಪಿಯರ್. 12 ಗಂಟೆಗೆ ಹತ್ತಿರಹತ್ತಿರ 29 ಆಂಪಿಯರ್ ಅವರ್. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಬಾರದು, ಅಂದರೆ 58. ಹಳೆಯದಾಗುತ್ತ ಶಕ್ತಿ ಕುಗ್ಗುತ್ತದಲ್ಲ, ಅದಕ್ಕೂ ಕಾಲು ಭಾಗ ಸೇರಿಸಿ ಸುಮಾರು 75 ಆಂಪಿಯರ್ ಅವರ್.

ಆದರೆ ಆ 12 ನಿಮಿಷ ಎಲ್ಲವೂ ನೆಟ್ಟಗಿರುವ ದಿನದ ಲೆಕ್ಕ. ಬಿರುಗಾಳಿ ಬೀಸಿ ಫೋನ್ ಸತ್ತ ರಾತ್ರಿ ಎಲ್ಲರೂ ರಿಪೀಟರ್ ಮೇಲೇ ಇರುತ್ತಾರೆ. ಗಂಟೆಗೆ 30 ನಿಮಿಷ ಟ್ರಾನ್ಸ್‌ಮಿಟ್ ಆದರೆ ಸರಾಸರಿ 4.5 ಆಂಪಿಯರ್. ಅದೇ ಲೆಕ್ಕದಲ್ಲಿ 135 ಆಂಪಿಯರ್ ಅವರ್ ಬೇಕು!

ಅಷ್ಟು ದೊಡ್ಡ ಬ್ಯಾಟರಿ ಹೊತ್ತು ಬೆಟ್ಟ ಹತ್ತುವ ಮೊದಲು ಖರ್ಚು ತಗ್ಗಿಸಿ ಅನ್ನುತ್ತೇನೆ ನಾನು. ಪವರ್ 50 ವ್ಯಾಟ್‌ನಿಂದ 25ಕ್ಕೆ ಇಳಿಸಿದರೆ ಕೇಳುಗನಿಗೆ ಆಗುವ ನಷ್ಟ 3 ಡಿಬಿ, ಅಂದರೆ ರೇಡಿಯೊದಲ್ಲಿ ಸಿಗ್ನಲ್ ಬಲ ತೋರಿಸುವ ಮೀಟರಿನ ಲೆಕ್ಕದಲ್ಲಿ ಅರ್ಧ ಎಸ್ ಯೂನಿಟ್. ರಿಪೀಟರ್ ವ್ಯಾಪ್ತಿಯ ಅಂಚಿನಲ್ಲಿರುವವರನ್ನು ಬಿಟ್ಟರೆ ಉಳಿದವರಿಗೆ ಗೊತ್ತೇ ಆಗುವುದಿಲ್ಲ. ಮಾತು ಮುಗಿದ ಮೇಲೂ ಟ್ರಾನ್ಸ್‌ಮಿಟರ್ ಆನ್ ಇರುವ ಆ ಬಾಲವನ್ನೂ ಕತ್ತರಿಸಿ. ಪ್ರತಿ ಸಲ 4 ಸೆಕೆಂಡ್ ಇದ್ದದ್ದು ಅರ್ಧ ಸೆಕೆಂಡ್ ಆದರೆ, ಚುಟುಕು ಸಂದೇಶಗಳ ರಾತ್ರಿಯಲ್ಲಿ ಉಳಿತಾಯ ಚೆನ್ನಾಗಿಯೇ ಆಗುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, 80 ಶೇಕಡಾವರೆಗೆ ಬಳಸಬಹುದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ. ಚಾರ್ಜರ್ ಅದಕ್ಕೆಂದೇ ಇರುವುದಾಗಿರಲಿ. ಲೆಡ್ ಆಸಿಡ್ ಆದರೆ ಗಾಳಿಯಾಡುವ ಜಾಗದಲ್ಲಿಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ.

ವೈರಿನಲ್ಲಿ ಜಿಪುಣತನ ಬೇಡ. 2.5 ಚದರ ಮಿಮೀ ತಾಮ್ರದ ವೈರ್, 3 ಮೀಟರ್ ದೂರ, 10 ಆಂಪಿಯರ್ ಅಂದರೆ ಹೋಗಿಬರುವ ದಾರಿಯಲ್ಲೇ 0.4 ವೋಲ್ಟ್ ಮಾಯ. ಡಯೋಡಿನದು ಬೇರೆ. ಅನೇಕ ರೇಡಿಯೊಗಳಿಗೆ 11.7 ವೋಲ್ಟ್ ಕೆಳಗಿನ ಮಿತಿ, ನೆನಪಿರಲಿ.

ಎಲ್ಲ ಜೋಡಿಸಿದ ಮೇಲೆ ಮೇನ್ ಸ್ವಿಚ್ ಆಫ್ ಮಾಡಿ, ರಿಪೀಟರನ್ನು ನಿಜವಾಗಿ ಬಳಸಿ. ಗಂಟೆಗೊಮ್ಮೆ, ಟ್ರಾನ್ಸ್‌ಮಿಟ್ ಆಗುತ್ತಿರುವಾಗಲೇ, ರೇಡಿಯೊ ಟರ್ಮಿನಲ್ಲಿನ ವೋಲ್ಟೇಜ್ ಬರೆದಿಡಿ. 11.7ಕ್ಕೆ ಇಳಿಯಲು ಎಷ್ಟು ಗಂಟೆ ಹಿಡಿಯಿತು ಎಂಬುದನ್ನು ಬ್ಯಾಟರಿ ಮೇಲೇ ಬರೆದು ಅಂಟಿಸಿ. ಮುಂದಿನ ವರ್ಷ ಅಷ್ಟೇ ಬಳಕೆಯಲ್ಲಿ ಆ ಹೊತ್ತು ಕಾಲು ಭಾಗ ಕಡಿಮೆಯಾಗಿದ್ದರೆ ಹೊಸ ಬ್ಯಾಟರಿಗೆ ಕ್ಲಬ್ಬಿನಲ್ಲಿ ಹಣ ಕೇಳಿ.